ಹಗೇವಿನಲ್ಲಿ ಮಲಗಿದ್ದ ಇಟಲಿ

ಹೊಸಪೇಟೆ ಸೀಮೆಯಲ್ಲಿ ಕುಡಿದು ಹೆಸರು ಕೆಡಿಸಿಕೊಂಡವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಕುಡಿಯದೇ ಹೆಸರು ಕೆಡಿಸಿಕೊಂಡವನು ನನ್ನ ಸೋದರಮಾವ ಒಬ್ಬನೇ! ಇದ್ದದ್ದು ಒಂದೇ ಒಂದು ಬಾಟಲಿ. ಅದರ ಬಿರಡೆ ತೆಗೆಯದೆ ಹತ್ತು ವರ್ಷ ಕಾದ. ಆ ಹತ್ತು ವರ್ಷವೂ ನೆಂಟರು ಅವನನ್ನು ಕುಡುಕ ಎಂದರು. ನಿಜವಾದ ಕುಡುಕರು ಹುಚ್ಚ ಎಂದರು. ಬಾಟಲಿ ಕೈಯಲ್ಲಿಟ್ಟುಕೊಂಡು ಸುಮ್ಮನಿರುವವನನ್ನು ಪಾಪ, ಅವರಾದರೂ ಇನ್ನೇನೆಂದು ಕರೆಯಬೇಕು?

ಮೊದಲು ಮನುಷ್ಯನನ್ನು ಪರಿಚಯಿಸಿಬಿಡುತ್ತೇನೆ. ಮಾವ ನನ್ನ ಅವ್ವನ ತಮ್ಮ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರವಿದೆಯಲ್ಲ, ಅಲ್ಲಿ ಅವನ ಬಾಳೆತೋಟ, ತೋಟದ ಮುಂದೆ ಮನೆ, ಮನೆಯ ಪಕ್ಕ ಹಂಪಿ ನೋಡಲು ಬರುವವರಿಗೆ ಬಾಡಿಗೆಗೆ ಕೊಡುವ ಎರಡು ಖೋಲಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಪೂಜೆಯಾಗದೆ ಚಹಾ ಇಲ್ಲ. ಹಿಡಿದದ್ದನ್ನು ಬಿಡುವ ಪೈಕಿಯೂ ಅಲ್ಲ. ನಾನು ಪಿಯುಸಿ ಮುಗಿಸಿದಾಗ ಸಂಡೂರು ತಾಲ್ಲೂಕಿನ ಬಂಡ್ರಿಯ ನಮ್ಮ ಮನೆಯಲ್ಲಿ ಎಲ್ಲರೂ ಸಾಕು ಅಂದರು. ಅಪ್ಪ ಅವ್ವ ಎರಡೆಕರೆ ಜೋಳದ ಜೊತೆಗೆ ಗಣಿಯಲ್ಲಿ ಕೂಲಿ ಮಾಡುತ್ತಿದ್ದವರು. ಅವರಿಗೆ ಹುಡುಗಿ ಅಷ್ಟು ಓದಿದ್ದೇ ಹೆಚ್ಚು. ಮಾವ ಬಂದು ಅಪ್ಪನ ಎದುರು ಕೂತ. ಅಪ್ಪ ಕಾಲೇಜಿಗೆ ಒಪ್ಪುವ ತನಕ ತಾನೂ ಊಟಕ್ಕೆ ಏಳಲಿಲ್ಲ, ಅಪ್ಪನನ್ನೂ ಏಳಗೊಡಲಿಲ್ಲ. ಅಪ್ಪ ಒಪ್ಪಿದ್ದು ವಿದ್ಯೆಯ ಮೇಲಿನ ಗೌರವದಿಂದಲ್ಲ, ರೊಟ್ಟಿ ಆರುತ್ತಿತ್ತು ಎಂದು! ಹೀಗೆ ನಮ್ಮ ಮನೆತನದ ಮೊದಲ ಬಿ.ಎಸ್ಸಿ. ನಾನಾದೆ. ಸಂಡೂರಿನ ತನಕ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೋಗಿ, ಮೈತುಂಬ ಅದಿರಿನ ಕೆಂಪು ಧೂಳು ಹೊತ್ತು ಬಂದು ಗಳಿಸಿದ ಡಿಗ್ರಿ. ಈಗ ಹೊಸಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ. ಆದರೆ ಆ ಡಿಗ್ರಿಯ ಬಾಕಿಯನ್ನು ಮಾವ ಇಂಥ ರೀತಿಯಲ್ಲಿ ವಸೂಲು ಮಾಡುತ್ತಾನೆಂದು ಮಾತ್ರ ಗೊತ್ತಿರಲಿಲ್ಲ.

ಆದದ್ದಿಷ್ಟು. ಒಂದು ವರ್ಷ ಹಂಪಿಯ ಕಲ್ಲು ನೋಡಲು ಬಂದ ಇಟಲಿಯ ಮುದುಕನೊಬ್ಬ ಮಾವನ ಖೋಲಿಯಲ್ಲಿ ಜ್ವರ ಬಂದು ಮಲಗಿಬಿಟ್ಟ. ಅತ್ತಿ, ಅಂದರೆ ಮಾವನ ಹೆಂಡತಿ, ಅವನಿಗೆ ಗಂಜಿ ಕುಡಿಸಿ, ಕಷಾಯ ಕುಡಿಸಿ, ಮಾತು ಬಾರದಿದ್ದರೂ ಬೈದು ಬೈದು ನೆಟ್ಟಗೆ ಮಾಡಿ ಕಳಿಸಿದಳು. ಮರುವರ್ಷ ಆ ಮುದುಕ ಋಣ ತೀರಿಸಲು ಮತ್ತೆ ಬಂದ. ಅವನೂ ರೈತ, ಬೆಳೆಯುವುದು ದ್ರಾಕ್ಷಿ. ತನ್ನ ತೋಟದ ಹಣ್ಣಿನಿಂದ ತಾನೇ ಮಾಡಿದ ಬರೋಲೊ ಎಂಬ ಕೆಂಪು ವೈನಿನ ಎರಡು ಬಾಟಲಿಯನ್ನು ಅತ್ತಿಯ ಕೈಗೆ ಕೊಟ್ಟ. ಅತ್ತಿ ಹಾವು ಕಂಡವಳಂತೆ ಹಿಂದೆ ಸರಿದಳು.

"ಮನುಷ್ಯ ತನ್ನ ಹೊಲದಾಗ ಬೆಳದದ್ದು ತಂದಾನ. ನಾವು ಬಾಳಿಹಣ್ಣು ಕೊಟ್ವಿ, ಆಂವ ದ್ರಾಕ್ಷಿ ತಂದಾನ. ಬ್ಯಾಡ ಅನ್ನಾಕ ಬರ್ತೈತೇನು?" ಎಂದ ಮಾವ.

"ಬಾಳಿಹಣ್ಣು ತಿಂದು ಯಾರೂ ಗಟಾರದಾಗ ಬಿದ್ದಿಲ್ಲ" ಎಂದಳು ಅತ್ತಿ.

ಕೊನೆಗೆ ಒಂದು ಬಾಟಲಿಯನ್ನು ಮನೆಯ ಹೊಸಿಲಿನಾಚೆ, ಬಾಳೆತೋಟದಲ್ಲಿ ತೆಗೆಯುವುದೆಂದು ತೀರ್ಮಾನವಾಯಿತು. ದುಭಾಷಿಯಾಗಿ ನನ್ನನ್ನು ಕರೆಸಿದರು. ಮುದುಕನ ಇಂಗ್ಲಿಷು ಒಂದು ಕಡೆ ಕುಂಟುತ್ತಿತ್ತು, ನನ್ನದು ಇನ್ನೊಂದು ಕಡೆ; ಒಟ್ಟಿನಲ್ಲಿ ಗಾಡಿ ಸಾಗಿತು. ಲೋಟವನ್ನು ತಿರುಗಿಸಬೇಕು, ಮೂಗು ಒಳಗಿಟ್ಟು ಮೂಸಬೇಕು, ಒಂದು ಗುಟುಕು ಎಳೆದು ಬಾಯಿತುಂಬ ಓಡಾಡಿಸಬೇಕು ಎಂದು ಅವನು ತೋರಿಸಿಕೊಟ್ಟ. ಮಾವ ಹಾಗೆಯೇ ಮಾಡಿದ. ಮಾಡಿದವನು ಮುಖ ಕಿವುಚಿದ. ಕೇಳಿದರೆ ಜಾಲಿ ತೊಗಟೆ ಜಗಿದಂತೆ ಒಗರು, ನಾಲಿಗೆ ಹೋಗಿ ಅಂಗುಳಕ್ಕೆ ಅಂಟಿಕೊಂಡಿದೆ ಎಂದ. ಮುದುಕ ತೊಡೆ ತಟ್ಟಿ ನಕ್ಕ. ಇದಕ್ಕೆ ಈಗ ಎಳೆ ಪ್ರಾಯ, ಸಿಟ್ಟು ಜಾಸ್ತಿ. ಇನ್ನೊಂದು ಬಾಟಲಿಯನ್ನು ತಂಪಾದ ಕತ್ತಲಲ್ಲಿ ಅಡ್ಡ ಮಲಗಿಸಿ ಹತ್ತು ವರ್ಷ ಬಿಡು, ಅಲುಗಾಡಿಸಬೇಡ, ಆಮೇಲೆ ಸಿಟ್ಟಿಳಿದು ಗುಲಾಬಿಯ ವಾಸನೆ, ಡಾಂಬರಿನ ವಾಸನೆ ಬರುತ್ತದೆ ಎಂದ. ನಾನು ಹಾಗೇ ಕನ್ನಡಕ್ಕೆ ತಂದೆ. ಮಾವ ನನ್ನನ್ನೇ ಅನುಮಾನದಿಂದ ನೋಡಿದ. "ಡಾಂಬರ್ ಅಂದನೇನು? ಇನ್ನೊಮ್ಮೆ ಕೇಳು. ಇಷ್ಟು ಓದಿಸಿದ್ದು ದಂಡ ಆತು ಅನಸ್ತೈತಿ."

ಇನ್ನೊಮ್ಮೆ ಕೇಳಿದೆ. ಡಾಂಬರೇ! ಮಾವ ಎದ್ದು ನಿಂತು ಮುದುಕನ ಕೈ ಹಿಡಿದು, ಹತ್ತು ಅಂದರೆ ಹತ್ತು ವರ್ಷ, ಅಲ್ಲಿತನಕ ಮುಟ್ಟಿದರೆ ನಾನು ನನ್ನಪ್ಪನಿಗೆ ಹುಟ್ಟಿಲ್ಲ ಎಂದು ಮಾತು ಕೊಟ್ಟ. ಅದನ್ನು ನಾನು ಇಂಗ್ಲಿಷಿಗೆ ತರಲು ಹೋಗಲಿಲ್ಲ. ಮುಖ ನೋಡಿಯೇ ಮುದುಕನಿಗೆ ಅರ್ಥವಾಗಿತ್ತು.

ಮಾತು ಕೊಡುವುದು ಸುಲಭ. ಹೊಸಪೇಟೆಯಲ್ಲಿ ತಂಪಾದ ಜಾಗ ಎಲ್ಲಿದೆ ಹೇಳಿ? ಬೇಸಿಗೆಯಲ್ಲಿ ನಲ್ಲಿಯ ನೀರಿನಲ್ಲೇ ಚಹಾ ಮಾಡಿಕೊಳ್ಳಬಹುದಾದ ಊರು ನಮ್ಮದು. ಮಾವ ಮೊದಲು ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟ. ಪೂಜೆಯ ಹಾಲಿನ ಪಕ್ಕದಲ್ಲಿ ಅದು ಕಾಲು ಚಾಚಿ ಮಲಗಿದ್ದನ್ನು ಕಂಡ ಅತ್ತಿ, ಈ ಫ್ರಿಜ್ಜಿನಲ್ಲಿ ಒಂದೋ ಅದಿರಬೇಕು, ಇಲ್ಲವೇ ನನ್ನ ಮೊಸರಿರಬೇಕು ಎಂದಳು. ಮಾವನಿಗೆ ಮೊಸರಿಲ್ಲದೆ ಅನ್ನ ಇಳಿಯುವುದಿಲ್ಲ. ಬಾಟಲಿ ಹೊರಗೆ ಬಂತು.

ಆಮೇಲೆ ಅವನು ಮೆಡಿಕಲ್ ಶಾಪಿನಿಂದ ಜ್ವರ ನೋಡುವ ಥರ್ಮಾಮೀಟರ್ ಕೊಂಡು ಜಾಗ ಹುಡುಕಲು ಹೊರಟ. ಹಂಪಿಯ ಬಂಡೆಗಳ ಸಂದು, ಹಾಳುಬಿದ್ದ ಮಂಟಪದ ಮೂಲೆ, ನೆಲಮಟ್ಟಕ್ಕಿಂತ ಕೆಳಗಿರುವ ಗುಡಿ, ಎಲ್ಲ ಕಡೆ ಅದನ್ನಿಟ್ಟು ನೋಡಿದ. ಕಾವಲಿನವನು ಬಂದು ಏನು ಮಾಡುತ್ತಿದ್ದೀರಿ ಎಂದು ಕೇಳಿದ್ದಕ್ಕೆ, ಅರಸರು ತಮ್ಮ ಕಾಲದಲ್ಲಿ ಎಲ್ಲಿ ತಣ್ಣಗಿದ್ದರು ಎಂದು ಹುಡುಕುತ್ತಿದ್ದೇನೆ ಎಂದನಂತೆ. ಸಂಜೆ ಹೊಸಪೇಟೆಯ ನನ್ನ ಬಾಡಿಗೆ ಕೋಣೆಗೆ ಬಂದು ಬಹಳ ಚಿಂತೆಯಿಂದ ಥರ್ಮಾಮೀಟರ್ ಮುಂದಿಟ್ಟ. ಎಲ್ಲಿಟ್ಟರೂ ನೂರಾ ಆರು! ಬಿಸಿಲಲ್ಲೂ ನೂರಾ ಆರು, ನೆರಳಲ್ಲೂ ನೂರಾ ಆರು, ಗುಡಿಯ ನೀರಿನೊಳಗೂ ನೂರಾ ಆರು.

"ಹಂಪಿಗೆ ಜ್ವರ ಬಂದೈತಿ ನೋಡು" ಎಂದ.

ಜ್ವರದ ಥರ್ಮಾಮೀಟರಿನ ಪಾದರಸ ಒಮ್ಮೆ ಏರಿದರೆ ಕೊಡವದ ಹೊರತು ಇಳಿಯುವುದಿಲ್ಲ, ನೀನು ಬೆಳಿಗ್ಗೆ ಬಿಸಿಲಿಗೆ ಹಿಡಿದದ್ದೇ ಸಂಜೆತನಕ ನಿಂತಿದೆ ಎಂದು ವಿವರಿಸಿದೆ. ಮಾವ ಥರ್ಮಾಮೀಟರನ್ನು ಒಮ್ಮೆ ಕೊಡವಿ ನೋಡಿ, ಇದನ್ನು ಅಂಗಡಿಯವನು ಹೇಳಬೇಕಿತ್ತು ಎಂದ. ಅಂಗಡಿಯವನಿಗೇನು ಗೊತ್ತು, ಇವನು ರಾಮಾಯಣ ಕಾಲದ ಬಂಡೆಗಳಿಗೆ ಜ್ವರ ನೋಡಲು ಹೊರಟಿದ್ದಾನೆಂದು?

ಆಗ ನಾನು ಬಾಯಿ ತಪ್ಪಿ ಒಂದು ಮಾತು ಹೇಳಿದೆ. ಬಂಡ್ರಿಯ ನಮ್ಮ ಮನೆಯ ಅಂಗಳದಲ್ಲಿ ಒಂದು ಹಗೇವಿದೆ, ಅಲ್ಲಿ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ತಂಪು ಎಂದು. ಹಗೇವು ಅಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಮೇಲೆ ಚಪ್ಪಡಿ ಮುಚ್ಚಿ ಮಣ್ಣೆಳೆದರೆ ಒಳಗೆ ಗಾಳಿ ಬೆಳಕು ಎರಡೂ ಇಲ್ಲ. ಮನೆಗೆ ತಗಡಿನ ಡಬ್ಬಿಗಳು ಬಂದ ಮೇಲೆ ಅದು ಖಾಲಿ ಬಿದ್ದಿತ್ತು. ಮಾವ ನನ್ನ ತಲೆಯ ಮೇಲೆ ಕೈಯಿಟ್ಟು, ಓದಿಸಿದ್ದು ಸಾರ್ಥಕವಾಯಿತು ಎಂದ.

ಇನ್ನು ಸಾಗಣೆ. ಅಲುಗಾಡಿಸಬಾರದು ಎಂದಿದ್ದನಲ್ಲ ಮುದುಕ! ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ಅದಿರಿನ ಲಾರಿಗಳು ತೋಡಿಟ್ಟ ಗುಂಡಿಗಳ ಮೇಲೆ ಬಸ್ಸಿನಲ್ಲಿ ಹೋಗುವಾಗ ಮನುಷ್ಯರ ಮೂಳೆಗಳೇ ಜಾಗ ಬದಲಾಯಿಸುತ್ತವೆ. ಮಾವ ಅತ್ತಿಯ ಹಳೆಯ ಸೀರೆಯನ್ನು ಬಸ್ಸಿನ ಮೇಲಿನ ಸರಳಿಗೆ ಜೋಲಿ ಕಟ್ಟಿ, ಬಾಟಲಿಯನ್ನು ದುಪ್ಪಟಿಯಲ್ಲಿ ಸುತ್ತಿ ಅದರೊಳಗೆ ಮಲಗಿಸಿದ. ಒಂದು ಕೈಯಲ್ಲಿ ಜೋಲಿ ಹಿಡಿದು, ಬಸ್ಸು ಎತ್ತಿ ಹಾಕಿದಾಗಲೆಲ್ಲ ಮೆಲ್ಲಗೆ ಸಂಭಾಳಿಸುತ್ತ ಕೂತ. ನಾನು ಪಕ್ಕದ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತ, ಈ ಮನುಷ್ಯ ಯಾರೋ ಗೊತ್ತಿಲ್ಲ ಎನ್ನುವ ಮುಖ ಮಾಡಿಕೊಂಡಿದ್ದೆ. ಹಿಂದಿನ ಸೀಟಿನ ಅಜ್ಜಿ, ಕೂಸು ಎಷ್ಟು ಶಾಂತವಾಗಿ ಮಲಗಿದೆ, ನಮ್ಮ ಮೊಮ್ಮಗು ಆಗಿದ್ದರೆ ಬಸ್ಸು ತಲೆಯ ಮೇಲಿಟ್ಟುಕೊಳ್ಳುತ್ತಿತ್ತು ಎಂದು ಮೆಚ್ಚಿಕೊಂಡಳು. ಆಮೇಲೆ ಮುಂದಕ್ಕೆ ಬಗ್ಗಿ ಕೇಳಿದಳು: "ಗಂಡೋ ಹೆಣ್ಣೋ, ಯಪ್ಪಾ?"

ಮಾವನಿಗೆ ಸುಳ್ಳು ಹೇಳಿ ರೂಢಿಯಿಲ್ಲ. "ಇಟಲಿದು" ಎಂದ.

ಅಜ್ಜಿ ಪಾಪ, ಅದು ಯಾವುದೋ ಕಾಯಿಲೆ ಎಂದು ತಿಳಿದು ಲೊಚಗುಟ್ಟಿ, ಈಗ ಎಲ್ಲದಕ್ಕೂ ಔಷಧ ಬಂದಿದೆ, ಗುಣವಾಗುತ್ತದೆ ಎಂದು ಸಮಾಧಾನ ಹೇಳಿದಳು. ಇಳಿಯುವಾಗ ಜೋಲಿಗೆ ಕೈ ಮುಟ್ಟಿಸಿ ದೃಷ್ಟಿ ತೆಗೆದಳು.

ಬಂಡ್ರಿಯಲ್ಲಿ ಅವ್ವ ಜೋಳ ಇಡುವ ಜಾಗದಲ್ಲಿ ಹೆಂಡ ಇಡುವುದೇ ಎಂದು ಒಂದಿಷ್ಟು ಅತ್ತಳು. ಆದರೆ ತಮ್ಮನ ಹಟ ಅವಳಿಗೆ ಹೊಸದೇನಲ್ಲ. ಊರವರಿಗೆ ಗೊತ್ತಾಗಬಾರದು ಎಂಬ ಷರತ್ತಿನ ಮೇಲೆ ಒಪ್ಪಿದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಕಟ್ಟೆಯ ಮೇಲೆ ಕೂರುವ ರಸಿಕರು ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದು, ಹಗೇವಿನ ಆರೋಗ್ಯ ವಿಚಾರಿಸತೊಡಗಿದರು. ಮಾವ ಒಂದು ಉಪಾಯ ಮಾಡಿದ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಅದಕ್ಕೇ ಇಳಿಯುವ ಮುಂಚೆ ಹಗ್ಗಕ್ಕೆ ದೀಪ ಕಟ್ಟಿ ಬಿಟ್ಟು ನೋಡುವುದು ನಮ್ಮ ಕಡೆಯ ಪದ್ಧತಿ. ಮಾವ ಅವರೆಲ್ಲರ ಎದುರಿಗೇ ದೀಪ ಇಳಿಸಿದ. ಅರ್ಧ ದಾರಿಯಲ್ಲೇ ಪುಸ್ಸೆಂದು ಆರಿತು. ರಸಿಕರು ಹಿಂದೆ ಸರಿದರು. ಅವರಿಗೆ ಕುಡಿತದ ಮೇಲೆ ಪ್ರೀತಿಯಿತ್ತು ನಿಜ, ಆದರೆ ಪ್ರಾಣದ ಮೇಲೂ ಸ್ವಲ್ಪ ಇತ್ತು. ಗಾಳಿ ಆಡಿದ ಮೇಲೆ ಮಾವ ಒಳಗಿಳಿದು, ಜೋಳದ ದಂಟಿನ ಹಾಸಿಗೆ ಮಾಡಿ, ಬಾಟಲಿ ಮಲಗಿಸಿ ಬಂದ.

ಅಲ್ಲಿಂದ ಮುಂದೆ ಅವನಿಗೆ ಒಂದೇ ಕೆಲಸ: ಮೂಗು ನಾಲಿಗೆ ಎರಡನ್ನೂ ಆ ದಿನಕ್ಕೆ ತಯಾರು ಮಾಡುವುದು. ಹತ್ತು ವರ್ಷ ಕಾದು ಕೊನೆಗೆ ಗುಲಾಬಿ ಯಾವುದು, ಡಾಂಬರು ಯಾವುದು ಎಂದು ಗೊತ್ತಾಗದಿದ್ದರೆ? ಅವನ ಮೂಗು ಮೊದಲೇ ಚುರುಕು. ಈಗ ಹತ್ಯಾರದಂತೆ ಸಾಣೆ ಹಿಡಿಯತೊಡಗಿದ. ಬಸ್ ಸ್ಟ್ಯಾಂಡಿನ ಚಹಾ, ಕಬ್ಬಿನ ಹಾಲು, ಮಠದ ಪ್ರಸಾದದ ಸಾರು, ಏನೇ ಕೈಗೆ ಬಂದರೂ ಲೋಟ ತಿರುಗಿಸು, ಮೂಸು, ಸೊರ್ರೆಂದು ಎಳೆ.

ನನ್ನ ಮದುವೆಯ ಮಾತುಕತೆಗೆ ಕಂಪ್ಲಿಗೆ ಹೋದಾಗಲೂ ಬಿಡಲಿಲ್ಲ ಪುಣ್ಯಾತ್ಮ. ಹುಡುಗನ ಮನೆಯವರದು ಅಕ್ಕಿ ಮಿಲ್ಲು, ಸ್ಥಿತಿವಂತರು. ಹುಡುಗನ ತಾಯಿ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಮಾವ ಲೋಟವನ್ನು ಗಿರಗಿರನೆ ತಿರುಗಿಸಿ, ಮೂಗನ್ನು ಪೂರ್ತಿ ಒಳಗಿಟ್ಟು, ಕಣ್ಣು ಮುಚ್ಚಿ, ಒಂದು ಗುಟುಕನ್ನು ಬಾಯಲ್ಲಿ ಎಡಕ್ಕೂ ಬಲಕ್ಕೂ ಓಡಿಸಿದ. ಹಜಾರದವರೆಲ್ಲ ತಮ್ಮ ಲೋಟ ಕೆಳಗಿಟ್ಟು ಅವನನ್ನೇ ನೋಡಿದರು. "ಕರಿಬೇವು ಎಳೇದು. ಶುಂಠಿ ಹಿತವಾಗೈತಿ. ಕಡೀಕ ಒಂದೀಟು ಹಿತ್ತಾಳಿ ಬರ್ತೈತಿ" ಎಂದ. ಆ ತಾಯಿಯ ಮುಖ ಕೆಂಪಾಯಿತು. ನನ್ನ ಸಂಬಂಧ ಆ ಮಜ್ಜಿಗೆಯಲ್ಲೇ ಮುಳುಗಿತು ಎಂದುಕೊಂಡೆ. ಆಕೆ ಒಳಗೆ ಹೋಗಿ ಪಾತ್ರೆ ತಿರುವಿ ನೋಡಿದರೆ ತಳದಲ್ಲಿ ಕಲಾಯಿ ಹೋಗಿತ್ತು. ಹೊರಗೆ ಬಂದು, ಇಂಥ ಮೂಗಿನವರ ಕಡೆಯ ಹುಡುಗಿ ನಮ್ಮ ಮನೆಗೆ ಬೇಕು ಎಂದರು. ನಾನು ಮದುವೆಯಾದದ್ದು ಡಿಗ್ರಿಯಿಂದಲೂ ಅಲ್ಲ, ರೂಪದಿಂದಲೂ ಅಲ್ಲ, ಮಾವನ ಮೂಗಿನಿಂದ! ಇಂದಿಗೂ ಮಾವ ಕಂಪ್ಲಿಗೆ ಬರುತ್ತಾನೆಂದರೆ ನಮ್ಮತ್ತೆ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಒಮ್ಮೆ ಮೂಸಿ ನೋಡುತ್ತಾರೆ.

ಡಾಂಬರಿನ ಅಭ್ಯಾಸಕ್ಕೆ ಅವನು ರಸ್ತೆ ಕೆಲಸ ನಡೆಯುವಲ್ಲಿಗೇ ಹೋದ. ಬಿಳಿ ಅಂಗಿ, ಬಿಳಿ ಧೋತರ, ಹಣೆಯ ಮೇಲೆ ವಿಭೂತಿ, ಕುದಿಯುವ ಡಾಂಬರಿನ ಡ್ರಮ್ಮಿನ ಪಕ್ಕ ಕಣ್ಣು ಮುಚ್ಚಿ ನಿಂತು ಉಸಿರೆಳೆದ. ಸರಿಯಾಗಿ ಸಿಗಲಿಲ್ಲವೆಂದು ತಲೆ ಅಡ್ಡ ಆಡಿಸಿದ. ಮೇಸ್ತ್ರಿ ಓಡಿಬಂದು ಕುರ್ಚಿ ಹಾಕಿಸಿ ಎಳನೀರು ಕೊಟ್ಟ. ಮಾವ ಕುಡಿದು ಮತ್ತೆ ಮೂಸಿದ, ಮತ್ತೆ ತಲೆ ಆಡಿಸಿದ. ದೊಡ್ಡ ಸಾಹೇಬರು ಗುಟ್ಟಾಗಿ ತಪಾಸಣೆಗೆ ಬಂದಿದ್ದಾರೆಂದು ಮೇಸ್ತ್ರಿ ಅಲ್ಲೇ ನಿಂತು ಇನ್ನೊಂದು ಪದರ ಹಾಕಿಸಿದ. ಆ ರಸ್ತೆಯಲ್ಲಿ ಅಷ್ಟು ಉದ್ದ ಮಾತ್ರ ಇವತ್ತಿಗೂ ಕಿತ್ತಿಲ್ಲ.

ಹೀಗೆ ವರ್ಷಗಳು ಹೋದವು. ಪ್ರತಿ ಯುಗಾದಿಗೆ ಬಂಡ್ರಿಗೆ ಬಂದು, ಚಪ್ಪಡಿ ಸರಿಸಿ, ಮೇಲಿನಿಂದಲೇ ಟಾರ್ಚು ಬಿಟ್ಟು, ಮಲಗಿದೆ ಎಂದು ಹೇಳಿ ಮುಚ್ಚಿ ಹೋಗುತ್ತಿದ್ದ. ಆಮೇಲೆ ಕೊರೊನಾ ಬಂತು. ಮಾವನಿಗೂ ಬಂತು. ಬಂದ ಜ್ವರ ಹೋಯಿತು. ಹೋದ ಮೂಗು ಬರಲಿಲ್ಲ.

ಮೊದಮೊದಲು ನಾವು ನಕ್ಕೆವು. ಒಗ್ಗರಣೆ ಸೀದು ಓಣಿಯೆಲ್ಲ ಕೆಮ್ಮುವಾಗ ಇವನು ಒಲೆಯ ಪಕ್ಕ ಕೂತು ಆರಾಮಾಗಿ ಪೇಪರ್ ಓದುತ್ತಿದ್ದನೆಂದರೆ ನಗದೆ ಇರುವುದು ಹೇಗೆ? ತಿಂಗಳುಗಳು ಕಳೆದಂತೆ ನಗು ನಿಂತಿತು. ಹೊಸಪೇಟೆಯ ಡಾಕ್ಟರು, ಕೆಲವರಿಗೆ ನಿಧಾನವಾಗಿ ಮರಳುತ್ತದೆ, ಕೆಲವರಿಗೆ ಇಲ್ಲ, ದಿನಾ ಘಾಟಿನ ಪದಾರ್ಥಗಳನ್ನು ಮೂಸಿ ಅಭ್ಯಾಸ ಮಾಡಿ ಎಂದರು. ಮಾವನಿಗೆ ಅಭ್ಯಾಸ ಹೇಳಿಕೊಡಬೇಕೇ! ಬೆಳಿಗ್ಗೆ ಪೂಜೆ ಮುಗಿಸಿ ಕಣ್ಣು ಮುಚ್ಚಿ ಕೂರುವನು. ಅತ್ತಿ ಒಂದೊಂದೇ ವಸ್ತುವನ್ನು ಮೂಗಿಗೆ ಹಿಡಿಯುವಳು. ಗೊತ್ತಿಲ್ಲ ಎಂಬ ಮಾತು ಅವನ ಬಾಯಲ್ಲಿ ಬರುವುದೇ ಇಲ್ಲವಲ್ಲ. ಇಂಗು ಹಿಡಿದರೆ ಮಲ್ಲಿಗೆ ಎನ್ನುವನು. ಸೀಮೆಎಣ್ಣೆ ಹಿಡಿದರೆ ತುಪ್ಪ ಎನ್ನುವನು. ಒಂದು ದಿನ ನಾನೂ ಅಲ್ಲಿದ್ದೆ. ಅತ್ತಿ ನಿಂಬೆಹಣ್ಣು ಹಿಡಿದಿದ್ದಳು. ಮಾವ ಬಹಳ ಹೊತ್ತು ಎಳೆದು, ಲವಂಗ ಎಂದ. ಅತ್ತಿ "ಬರೋಬ್ಬರಿ ಹೇಳಿದ್ರಿ" ಎಂದಳು. ನನ್ನ ಕಡೆ ನೋಡದೆ ಎದ್ದು ಅಡುಗೆಮನೆಗೆ ಹೋದಳು.

ಹತ್ತು ವರ್ಷ ತುಂಬಿತು. ಇಟಲಿಯ ಮುದುಕ ಈಗ ಬರುವ ಸ್ಥಿತಿಯಲ್ಲಿಲ್ಲ. ಫೋನಿನ ಪರದೆಯ ಮೇಲೆ ಮಗಳ ಪಕ್ಕ ಕೂತು ಕಾಣಿಸಿಕೊಂಡ. ನಿಮ್ಮ ನೆಲದ ಸೆಕೆ ನನಗೆ ಗೊತ್ತು, ಇನ್ನು ಇಡಬೇಡ, ಇಟ್ಟರೆ ಸಾಯುತ್ತದೆ, ಈ ವರ್ಷವೇ ತೆಗೆ ಎಂದ. ನಾನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದೆ. ಮಾವ ಆಗಲಿ ಎಂದು ತಲೆಯಾಡಿಸಿದ. ಫೋನ್ ಇಟ್ಟ ಮೇಲೆ, ಮೂಗು ಬರುವತನಕ ತೆಗೆಯುವುದಿಲ್ಲ ಎಂದ.

ಕೆಟ್ಟು ಹೋಗುತ್ತದೆ ಮಾವ ಎಂದೆ. ಮೂಗು ಮರಳುವುದಾದರೆ ಇಷ್ಟರಲ್ಲಿ ಮರಳುತ್ತಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಒಂದು ಯುಗಾದಿ ಹಾಗೆಯೇ ಹೋಯಿತು. ಅವ್ವ ಹೇಳಿದಳು, ನನ್ನ ಗಂಡ ಹೇಳಿದ, ಯಾರು ಹೇಳಿದರೂ ಅವನದು ಒಂದೇ ಮಾತು. "ಏನೂ ತಿಳಿಯದೆ ಕುಡದ್ರ ಅದು ನೀರು. ನೀರು ಕುಡಿಯಾಕ ಹತ್ತು ವರ್ಷ ಯಾಕ ಕಾಯಬೇಕಿತ್ತು?"

ಅದಕ್ಕೆ ಉತ್ತರ ಅತ್ತಿಯ ಹತ್ತಿರವಿತ್ತು. ಒಂದು ಭಾನುವಾರ ಬೆಳಿಗ್ಗೆ ಅವಳೇ ಮಾವನನ್ನು ಹೊರಡಿಸಿಕೊಂಡು ಬಂಡ್ರಿಗೆ ಬಂದಳು. ಇಷ್ಟು ವರ್ಷದಲ್ಲಿ ಹಗೇವಿನ ಕಡೆ ಮುಖ ತಿರುಗಿಸಿ ನೋಡದ ಹೆಂಗಸು! ಅಂಗಳದಲ್ಲಿ ಚಾಪೆ ಹಾಸಿ ಕೂತು, "ತಗೀರಿ ಅದನ್ನ. ನಾ ಮೂಸಿ ಹೇಳ್ತೀನಿ, ನೀವು ಕುಡೀರಿ" ಎಂದಳು. ಮಾವ ಏನೋ ಹೇಳಲು ಬಾಯಿ ತೆರೆದವನು, ಅವಳ ಮುಖ ನೋಡಿ ಮುಚ್ಚಿದ.

ಅಪ್ಪ ಚಪ್ಪಡಿ ಸರಿಸಿದ. ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡಿ, ಮಾವನೇ ಇಳಿದು ಬಾಟಲಿ ತಂದ. ಚೀಟಿಯನ್ನು ಗೆದ್ದಲು ಪೂರ್ತಿ ಓದಿ ಮುಗಿಸಿತ್ತು. ಬಿರಡೆ ತೆಗೆಯುವ ಸಾಧನ ಯಾರ ಬಳಿಯೂ ಇಲ್ಲ. ಅಪ್ಪ ಅದಕ್ಕೊಂದು ಸ್ಕ್ರೂ ತಿರುಪಿ ಇಕ್ಕಳದಿಂದ ಎಳೆದ. ಅರ್ಧ ಮೇಲೆ ಬಂತು, ಅರ್ಧ ಪುಡಿಯಾಗಿ ಒಳಗೆ ಬಿತ್ತು. ಅವ್ವ ಮಡಿಬಟ್ಟೆಯ ತುಂಡೊಂದನ್ನು ತಂದು, ಸೋಸಿಕೊಳ್ಳಿ ಎಂದು ಕೊಟ್ಟು ಮುಖ ಆಚೆ ಮಾಡಿ ನಿಂತಳು. ಬಣ್ಣ ಇಟ್ಟಿಗೆಯ ಕೆಂಪಿಗೆ ಇಳಿದಿತ್ತು.

ಮಾವ ಲೋಟವನ್ನು ತಿರುಗಿಸಿ ಮೂಗಿನ ಹತ್ತಿರ ತಂದ. ಎಳೆದ. ಮತ್ತೆ ಎಳೆದ. ಏನನ್ನೂ ಊಹಿಸಲಿಲ್ಲ. ಲೋಟವನ್ನು ಅತ್ತಿಯ ಕಡೆ ಚಾಚಿ ಮೆಲ್ಲಗೆ ಹೇಳಿದ: "ದಿನಾ ಹೇಳಿದಂಗ ಹೇಳಬ್ಯಾಡ. ಇವತ್ತು ಖರೇ ಹೇಳು."

ಅತ್ತಿಯ ಕೈ ಅಲ್ಲೇ ನಿಂತಿತು. ಅಷ್ಟು ದಿನದ ನಿಂಬೆ, ಲವಂಗ, ಇಂಗು, ಎಲ್ಲ ಅವನಿಗೆ ಗೊತ್ತಿತ್ತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮೂಗು ಮಾತ್ರ ಹೊರಗೆ ಬಿಟ್ಟು, ಲೋಟದ ಮೇಲೆ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು.

"ಗುಲಾಬಿ?" ಎಂದ ಮಾವ.

"ಇಲ್ಲ."

"ಡಾಂಬರು?"

"ಅದೂ ಇಲ್ಲ."

ಮಾವನ ಭುಜ ಇಳಿಯಿತು. ಅತ್ತಿ ಇನ್ನೊಂದು ಸಲ ಉಸಿರೆಳೆದು, ಹುಬ್ಬು ಗಂಟು ಹಾಕಿದಳು. ಯಾವುದೋ ಹಳೆಯ ಹೆಸರು ನೆನಪಿಗೆ ಬಂದೂ ಬಾರದಂತೆ ಸ್ವಲ್ಪ ತಡೆದಳು.

"ನಮ್ಮ ಲಗ್ನ ಆದ ಹೊಸದಾಗ ನೀವು ಕಂಪ್ಲಿ ಕಡೆ ಆಲಿಮನಿ ಕೆಲಸಕ್ಕ ಹೋಗ್ತಿದ್ರಲ್ಲ. ಬೆಲ್ಲದ ಹೊಗಿ, ಕಬ್ಬಿನ ಸಿಪ್ಪಿ, ಬೆವರು, ಎಲ್ಲಾ ಕೂಡಿ ನಿಮ್ಮ ಅಂಗಿ ಒಂದು ವಾಸನಿ ಹೊಡೀತಿತ್ತು. ಆ ವಾಸನಿ ಐತಿ ಇದರಾಗ" ಎಂದಳು. ಆಮೇಲೆ ನಮ್ಮನ್ನೆಲ್ಲ ಮರೆತವಳಂತೆ ಸೇರಿಸಿದಳು: "ಆ ಅಂಗಿ ನಾ ಜಲ್ದಿ ಒಗೀತಿರಲಿಲ್ಲ."

ಅಪ್ಪ ಇಕ್ಕಳವನ್ನು ಒಳಗಿಡುವ ನೆಪದಲ್ಲಿ ಎದ್ದು ಹೋದ. ಮಾವ ಲೋಟ ತೆಗೆದುಕೊಂಡು ಒಂದು ಗುಟುಕು ಎಳೆದ. ಬಾಯಲ್ಲಿ ಓಡಿಸಲಿಲ್ಲ, ಸುಮ್ಮನೆ ಇಟ್ಟುಕೊಂಡ. ಒಗರು ತಿಳಿಯಲು ಮೂಗು ಬೇಕಿಲ್ಲವಲ್ಲ. ನುಂಗಿದ ಮೇಲೆ, ಸಿಟ್ಟಿಳಿದಿದೆ ಎಂದ.

ಲೋಟವನ್ನು ಮತ್ತೆ ಅವಳ ಕಡೆ ಚಾಚಿದ.

"ಇನ್ನೊಮ್ಮೆ ಹೇಳು."

ಅತ್ತಿ ಸೆರಗು ಸರಿಮಾಡಿಕೊಂಡು ಲೋಟದ ಮೇಲೆ ಬಗ್ಗಿದಳು.